ಮುಂಗೈ ಮುಷ್ಕರ

ನನ್ನ ಹೆಂಡತಿಗೆ ನಾನು ಕೂಲಿ ಬಾಕಿ ಇಟ್ಟುಕೊಂಡಿದ್ದೇನೆ. ದುಡ್ಡಿನ ಕೂಲಿಯಲ್ಲ, ದುಡ್ಡಾಗಿದ್ದರೆ ಸಾಲ ಮಾಡಿಯಾದರೂ ತೀರಿಸಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ. ಬಾಕಿ ಇರುವುದು ಮುಂಗೈ ನೀವುವ ಕೂಲಿ. ಅವಳ ಎರಡೂ ಕೈಗೆ, ಮಣಿಕಟ್ಟಿನಿಂದ ಮೊಣಕೈವರೆಗೆ, ದಿನಾ ಸಂಜೆ. ಕಂಡ ಕಂಡ ಮಾಲೀಕರ ಬಾಗಿಲಲ್ಲಿ ಕೂತು "ಕೊಟ್ಟ ಮಾತು ಉಳಿಸಿಕೊಳ್ಳಿ" ಎಂದು ಗಂಟಲು ಹರಿದುಕೊಂಡವನು ನಾನು. ಅಂಥವನು ಸ್ವಂತ ಮನೆಯಲ್ಲಿ ಕೂಲಿ ತಿಂದ ಮಾಲೀಕನಾಗಿ ಕೂತದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ನಗುವವರು ನಡುವೆಯೇ ನಕ್ಕು ಮುಗಿಸಿಕೊಳ್ಳಿ. ಕೊನೆಯಲ್ಲಿ ನಿಮ್ಮಿಂದ ನನಗೊಂದು ಕೆಲಸ ಆಗಬೇಕು.

ನಮ್ಮ ಸಂಘದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಒಂದು ದೊಡ್ಡ ಬಟ್ಟೆಯ ಬ್ಯಾನರು ಹೋಗುತ್ತದೆ. ಅದಕ್ಕೆ ಎರಡು ಕೋಲು. ಎಡಗಡೆಯ ಕೋಲನ್ನು ಯಾರು ಬೇಕಾದರೂ ಹಿಡಿಯಬಹುದು. ಬಲಗಡೆಯದು ಮಾತ್ರ ನನ್ನದು, ಮೀಸೆ ಕಪ್ಪಗಿದ್ದ ಕಾಲದಿಂದ. ಗಾಳಿ ಜೋರಾಗಿ ಹೊಡೆಯುವುದು ಆ ಕಡೆಯೇ, ಲಾಠಿ ಮೊದಲು ಬೀಳುವುದೂ ಆ ಕಡೆಯೇ. ಪತ್ರಿಕೆಯ ಫೋಟೋದವರು ನಿಲ್ಲುವುದೂ ಆ ಕಡೆಯೇ, ಆದರೆ ಅದು ಬರೀ ಕಾಕತಾಳೀಯ ಎಂದು ನಾನು ಹೆಂಡತಿಗೆ ಬಹಳ ಸಲ ಹೇಳಿದ್ದೇನೆ. ಅವಳು ಒಂದು ಸಲವೂ ನಂಬಿಲ್ಲ.

ಈ ವರ್ಷದ ಮೆರವಣಿಗೆ ಸ್ಟೂಲಿಗಾಗಿ. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತೇ ಮಾರುವ ಹೆಣ್ಣುಮಕ್ಕಳಿಗೆ ಗಿರಾಕಿ ಇಲ್ಲದ ಹೊತ್ತಲ್ಲಾದರೂ ಕೂರುವುದಕ್ಕೆ ಒಂದೊಂದು ಸ್ಟೂಲು ಕೊಡಿ ಎಂಬ ಬೇಡಿಕೆ. ಇಂಥ ಒಳ್ಳೆಯ ಬೇಡಿಕೆಯ ಮುಂದೆ ನಿಂತು ಕೋಲು ಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ ನನ್ನ ಬಲಗೈ ನನಗೇ ಕೈಕೊಟ್ಟಿತು. ಮೊದಲು ಡಬ್ಬಿಯ ಮುಚ್ಚಳ ತಿರುಗಲಿಲ್ಲ. ಆಮೇಲೆ ಬೀಗದ ಕೀಲಿ ತಿರುಗಲಿಲ್ಲ. ಕೊನೆಗೆ ಅಂಗೈ ಮೇಲ್ಮುಖವಾಗುವುದನ್ನೇ ನಿಲ್ಲಿಸಿತು. ಬಸ್ಸಿನಲ್ಲಿ ಕಂಡಕ್ಟರು ಕೊಟ್ಟ ಚಿಲ್ಲರೆ ಅಂಗೈಗೆ ಬೀಳದೆ ನೆಲಕ್ಕೆ ಬೀಳತೊಡಗಿತು. ಜೀವನವಿಡೀ ಮುಷ್ಟಿ ಎತ್ತಿ ಎತ್ತಿ, ಕೈಗೆ ಮುಷ್ಟಿ ಬಿಟ್ಟರೆ ಬೇರೇನೂ ನೆನಪಿರಲಿಲ್ಲ.

ಇಲ್ಲಿ ನನ್ನ ಹೆಂಡತಿಯ ಉದ್ಯೋಗ ಹೇಳಬೇಕು. ಅವಳು ಕೈಗಳ ವೈದ್ಯಶಾಲೆಯಲ್ಲಿ ಮಸಾಜು ಮಾಡುವವಳು. ಅದರಲ್ಲೂ ಮುಂಗೈ ಅವಳ ಖಾಸಾ ಇಲಾಖೆ. ದರ್ಜಿಗಳು, ಟೈಪು ಮಾಡುವವರು, ಲಾರಿ ಡ್ರೈವರುಗಳು, ಪಿಟೀಲು ಬಾರಿಸುವವರು, ಮಾಂಸ ಕಡಿಯುವವರು ಎಲ್ಲರೂ ಅವಳ ಮುಂದೆ ಕೈ ಚಾಚಿಕೊಂಡು ಕೂರುತ್ತಾರೆ. ಕಟ್ಟಿಗೆಯಂತಾಗಿದ್ದ ಕೈ ಮತ್ತೆ ಸೂಜಿಗೆ ದಾರ ಪೋಣಿಸುವಂತಾಗುತ್ತದೆ. ಇಷ್ಟು ಹೇಳಿದ ಮೇಲೆ ನೀವು ಕೇಳುತ್ತೀರಿ: ಹಾಗಾದರೆ ನಿನ್ನ ಕೈಯನ್ನು ಅವಳಿಗೆ ಕೊಡುವುದಕ್ಕೆ ನಿನಗೇನು ಬಂದಿತ್ತು ಧಾಡಿ?

ಬಂದಿದ್ದು ಸಿದ್ಧಾಂತ.

"ಇಲ್ಲಿ ಕೊಡು, ನೋಡ್ತೀನಿ," ಎಂದಳು ಅವಳು, ಕೀಲಿ ತಿರುಗದ ಆ ಸಂಜೆ.

"ಬೇಡ. ದಿನವಿಡೀ ಊರವರ ಕೈ ತಿಕ್ಕಿ ಬರ್ತೀಯ. ಮನೇಲೂ ನಿನ್ನ ಕೈಯಿಂದ ಬಿಟ್ಟಿ ದುಡಿಮೆ ಮಾಡಿಸ್ಕೊಂಡ್ರೆ ನಾನು ಯಾವ ಸೀಮೆ ಹೋರಾಟಗಾರ?"

"ಊಟದ ತಟ್ಟೆ ಯಾರು ತೊಳೀತಾರೆ ಅಂತ ಗೊತ್ತಾ ನಿನಗೆ?"

"ಅದು ಬೇರೆ ಅಜೆಂಡಾ."

"ಸರಿ ಬಿಡು. ಆದ್ರೆ ನಿನ್ನಷ್ಟಕ್ಕೆ ನೀನೇ ಏನಾದ್ರೂ ಮಾಡ್ಕೊಳೋಕೆ ಹೋಗ್ಬೇಡ."

ಹೋಗಬೇಡ ಎಂದ ಕಡೆಗೇ ಹೋಗುವುದು ನನ್ನ ವೃತ್ತಿ. ಅಲ್ಲೇ ಎದ್ದು ನಿಂತು ಘೋಷಿಸಿದೆ. "ಈ ವಾರದೊಳಗೆ ಈ ಕೈಯನ್ನ ಕಬ್ಬಿಣ ಮಾಡಿ ತೋರಿಸ್ತೀನಿ. ನನ್ನ ಕೈ, ನನ್ನ ಹೋರಾಟ, ನನ್ನ ಗೆಲುವು."

"ಕಬ್ಬಿಣ ಆಗೇ ಇದೆಯಲ್ಲ," ಎಂದಳು ಅವಳು. "ತೊಂದರೆನೇ ಅದು."

ಅವಸರಕ್ಕೆ ಕಾರಣವಿತ್ತು. ಮೆರವಣಿಗೆಗೆ ಮುಂಚಿನ ಭಾನುವಾರ ಸಮಿತಿಯವರು ಬಕೆಟ್ ಪರೀಕ್ಷೆ ಮಾಡುತ್ತಾರೆ. ಗೋಡೆಗೆ ಪೋಸ್ಟರು ಅಂಟಿಸುವ ಗೋಂದು ತುಂಬಿದ ಬಕೆಟನ್ನು ಚಾಚಿದ ಕೈಯಲ್ಲಿ ಹಿಡಿದು ನಿಲ್ಲಬೇಕು; ಕಾರ್ಯದರ್ಶಿಯವರು ಒಂದು ಲೋಟ ಚಹಾ ಕುಡಿದು ಮುಗಿಸುವವರೆಗೆ ಕೈ ಇಳಿಯಬಾರದು. ಇಳಿದರೆ ಬಲಗೋಲು ಹೋಯಿತು. ನಮ್ಮ ಕಾರ್ಯದರ್ಶಿ ಅಕ್ಕ ಚಪ್ಪಲಿ ಅಂಗಡಿಯಲ್ಲಿ ದುಡಿಯುವವರು. ಅವರು ಚಹಾ ಕುಡಿಯುವುದನ್ನು ನೀವು ನೋಡಿಲ್ಲ. ಊದುತ್ತಾರೆ, ಇಡುತ್ತಾರೆ, ಏನೋ ನೆನಪಾಗಿ ಮಾತಾಡುತ್ತಾರೆ, ಮತ್ತೆ ಊದುತ್ತಾರೆ.

ಬಲಗೋಲಿನ ಮೇಲೆ ಕಣ್ಣಿಟ್ಟವನು ಒಬ್ಬನಿದ್ದ. ನನ್ನ ಬಾಮೈದ. ಪಿಸುಮಾತೂ ಬೀದಿಯ ಆಚೆ ತುದಿಗೆ ಕೇಳುವುದರಿಂದ ಅವನಿಗೆ ಮೆಗಾಫೋನು ಎಂದು ಹೆಸರು. ವರ್ಷಾನುಗಟ್ಟಲೆ ಎಡಗೋಲು ಹಿಡಿದು, ನನ್ನ ಕಡೆ ಓರೆಗಣ್ಣಿನಲ್ಲಿ ನೋಡುತ್ತಾ ಬಂದವನು. "ಭಾವ, ಕೈ ಹೇಗಿದೆ?" ಎಂದು ಅವನು ಕೇಳುವ ಧಾಟಿಯಲ್ಲೇ, ಮುದುಕರ ಮನೆ ಖಾಲಿಯಾಗುವುದನ್ನು ಕಾಯುವ ಬಾಡಿಗೆದಾರನ ಕಳಕಳಿ ಇರುತ್ತಿತ್ತು.

ನನ್ನ ಚಿಕಿತ್ಸೆ ಶುರುವಾಯಿತು. ಕೈ ಎಂದರೇನು? ಹಟಮಾರಿ ಆಡಳಿತ ಮಂಡಳಿ. ಒತ್ತಡ ಹಾಕಿದರೆ ಬಗ್ಗುತ್ತದೆ, ಇನ್ನಷ್ಟು ಹಾಕಿದರೆ ಮಾತುಕತೆಗೆ ಬರುತ್ತದೆ. ಮುಂಗೈಯನ್ನು ಮೇಜಿನ ಮೇಲಿಟ್ಟು ಗಾಜಿನ ಬಾಟಲಿ ಉರುಳಿಸಿದೆ. ಬಾಟಲಿಗೆ ಬಗ್ಗದಿದ್ದಾಗ ಬ್ಯಾನರಿನ ಕೋಲನ್ನೇ ತಂದು ಉರುಳಿಸಿದೆ. ಮೊಣಕೈಯಿಂದ ಮಣಿಕಟ್ಟಿಗೆ, ಮೇಲಿನಿಂದ ಕೆಳಕ್ಕೆ, ಬುಲ್ಡೋಜರಿನಂತೆ. ನೋವಾದಷ್ಟೂ ಹುರುಪು. ನೋವಾಗದೆ ಯಾವ ಹಕ್ಕು ಬಂದಿದೆ?

ಶನಿವಾರ ಹೆಂಡತಿ ನನ್ನ ತೋಳು ನೋಡಿ ಬ್ಯಾಗು ಕೆಳಗಿಟ್ಟಳು.

"ಏನ್ರೀ ಇದು?"

ನಾವಿಬ್ಬರೂ ಸಂಘದಲ್ಲೇ ಪರಿಚಯವಾದವರು, ಮೊದಲ ದಿನದಿಂದಲೂ ಏಕವಚನ. ಅವಳು ನನ್ನನ್ನು ಬಹುವಚನದಲ್ಲಿ ಕರೆದಳೆಂದರೆ ಗಾಳಿ ಬದಲಾಯಿತು ಎಂದು ಅರ್ಥ.

"ಚಿಕಿತ್ಸೆ," ಎಂದೆ.

"ಪೊಲೀಸರು ಹೊಡೆದಾಗ್ಲೂ ಇಷ್ಟು ಕಪ್ಪಾಗಿರಲಿಲ್ಲ. ಅವರಿಗಾದ್ರೂ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿತ್ತು. ನಾಳೆ ಆ ಬಕೆಟ್ ಮುಟ್ಟಿದ್ರೆ ನೋಡಿ ಮತ್ತೆ."

ಭಾನುವಾರ ಬೆಳಿಗ್ಗೆ ಅವಳು ವೈದ್ಯಶಾಲೆಗೆ ಹೋದಳು; ಡ್ರೈವರುಗಳಿಗೆ ಬಿಡುವು ಸಿಗುವುದು ಭಾನುವಾರವೇ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಸಮಿತಿಯ ಚಪ್ಪಲಿಗಳ ಸದ್ದು. ನಾನು ಚಹಾಕ್ಕೆ ನೀರಿಟ್ಟು, ಕೊನೆಯ ಗಳಿಗೆಯ ಮಾಲೀಶಿಗೆಂದು ಎಣ್ಣೆ ಬಾಟಲಿ ಹಿಡಿದು ಬಚ್ಚಲಮನೆ ಸೇರಿದೆ. ಬಾಟಲಿ ಪೂರ್ತಿ ಸುರಿದುಕೊಂಡೆ. ಎಡಗೈಯಿಂದ ಬಲಗೈಯನ್ನು ಎಷ್ಟು ಆವೇಶದಿಂದ ತಿಕ್ಕಿದೆನೆಂದರೆ ಎಡಗೈಯ ಹೆಬ್ಬೆರಳು ಸೆಟೆದುಕೊಂಡು ಅಡ್ಡ ನಿಂತುಬಿಟ್ಟಿತು. ಬಲಗೈ ಮೊದಲೇ ಮುಷ್ಕರದಲ್ಲಿತ್ತು. ಈಗ ಎಡಗೈ ಬೆಂಬಲ ಸೂಚಿಸಿತು.

ನಮ್ಮ ಬಚ್ಚಲಮನೆಯ ಚಿಲಕ ಹಳೆಯ ಕಬ್ಬಿಣದ್ದು. ಅದರ ಗುಂಡನೆಯ ಹಿಡಿಯನ್ನು ಮೇಲಕ್ಕೆ ತಿರುವಿ ಆಮೇಲೆ ಎಳೆಯಬೇಕು. ಹಾಕುವಾಗ ಮೊಣಕೈಯಿಂದ ತಳ್ಳಿ ಹಾಕಿದ್ದೆ. ತೆಗೆಯುವಾಗ ಮೊಣಕೈ ಉಪಯೋಗಕ್ಕೆ ಬರಲಿಲ್ಲ. ಬಲಗೈ ತಿರುಗದು, ಎಡಗೈ ಹಿಡಿಯದು, ಹಿಡಿದಷ್ಟೂ ಎಣ್ಣೆಯಲ್ಲಿ ಜಾರುವುದು. ಊರಲ್ಲಿ ಎಷ್ಟೋ ಜನರಿಗೆ ಘೇರಾವು ಹಾಕಿದವನು ನನಗೆ ನಾನೇ ಘೇರಾವು ಹಾಕಿಕೊಂಡಿದ್ದೆ.

ನಾಚಿಕೆ ನುಂಗಿಕೊಂಡು ಕೂಗಿದೆ. "ಬಾಗಿಲು ತೆಗೀತಿಲ್ಲ!"

ನಾನು ಕೂಗಿದ್ದು ಸಹಾಯಕ್ಕೆ. ಆದರೆ ಗಂಟಲಿಗೆ ಗೊತ್ತಿದ್ದುದು ಒಂದೇ ಧಾಟಿ. ಆ ಧಾಟಿಯಲ್ಲಿ ಮುಂದಿನವನು ಏನು ಕೂಗಿದರೂ ಹಿಂದಿನವರು ಅದರ ಬಾಲವನ್ನು ಎರಡು ಸಲ ಕೂಗಬೇಕು, ಯೋಚನೆ ಮಾಡಬಾರದು, ಯೋಚಿಸಿದರೆ ದನಿ ಒಡೆಯುತ್ತದೆ ಎಂದು ಇವರಿಗೆಲ್ಲ ಕಲಿಸಿದವನು ನಾನೇ. ಹೊರಗಿನಿಂದ ಒಕ್ಕೊರಲಲ್ಲಿ ಬಂತು:

"ತೆಗೀತಿಲ್ಲ, ತೆಗೀತಿಲ್ಲ!"

"ಅಯ್ಯೋ, ನನ್ನ ಮಾತು ಕೇಳಿ!"

"ಮಾತು ಕೇಳಿ, ಮಾತು ಕೇಳಿ!" ಮೆಗಾಫೋನಿನ ದನಿಗೆ ಬಚ್ಚಲಿನ ತಗಡು ನಡುಗಿತು.

ಉಸಿರು ಬಿಗಿಹಿಡಿದು ಬಹಳ ಮೆಲ್ಲಗೆ ಹೇಳಿದೆ. "ಅಕ್ಕಾ, ಚಿಲಕ ಸಿಕ್ಕಿಕೊಂಡಿದೆ. ನಾನು ಒಳಗೆ ಬಂದಿ."

ಹೊರಗೆ ಸಭೆ ಸೇರಿತು. ನಮ್ಮವರ ಶಿಸ್ತೇ ಅಂಥದ್ದು. ಬಾಗಿಲು ಒಡೆಯೋಣ ಎಂದ ಮೆಗಾಫೋನು. ಬಾಡಿಗೆ ಮನೆಯ ಬಾಗಿಲು, ಸಂಘಕ್ಕೆ ಕೆಟ್ಟ ಹೆಸರು ಎಂದರು ಒಬ್ಬರು. ಪರೀಕ್ಷೆಯ ಹೊತ್ತಿಗೆ ಅಭ್ಯರ್ಥಿ ಗೈರುಹಾಜರಾದರೆ ಕೋಲು ಯಾರಿಗೆ ಎಂಬುದನ್ನು ಮೊದಲು ತೀರ್ಮಾನಿಸಿ ಎಂದ ಮತ್ತೆ ಮೆಗಾಫೋನು. "ನಾನು ಗೈರುಹಾಜರಲ್ಲ ಕಣೋ, ಎದುರಿಗೇ ಇದೀನಿ," ಎಂದೆ ಬಾಗಿಲ ಹಿಂದಿನಿಂದ. "ಕಾಣ್ತಿಲ್ಲವಲ್ಲ ಭಾವ," ಎಂದ.

ಅಷ್ಟರಲ್ಲಿ ಮೇಲಿನ ಮಹಡಿಯಿಂದ ಮನೆ ಮಾಲೀಕರು ಇಳಿದು ಬಂದರು. ಘೋಷಣೆ ಕೇಳಿದ್ದರು, ಮೆಟ್ಟಿಲ ತುಂಬ ಚಪ್ಪಲಿ ಕಂಡಿದ್ದರು, ಗೋಡೆಗೆ ಒರಗಿಸಿದ ಬ್ಯಾನರು ನೋಡಿದ್ದರು. ಅವರ ದನಿ ಆಗಲೇ ಅರ್ಧಕ್ಕಿಳಿದಿತ್ತು.

"ಮೆಟ್ಟಿಲ ದೀಪದ ವಿಷಯ ತಾನೇ? ನಾಳೆ ಹಾಕಿಸ್ತೀನಿ. ಕೂಗೋದೊಂದು ಬೇಡ."

ಕಾರ್ಯದರ್ಶಿ ಅಕ್ಕನಿಗೆ ದೀಪದ ವಿಷಯ ತಲೆಬುಡ ಗೊತ್ತಿಲ್ಲ. ಆದರೆ ಬಂದ ಮಾಲೀಕನನ್ನು ಬರಿಗೈಯಲ್ಲಿ ಕಳಿಸುವ ಹೆಂಗಸಲ್ಲ ಅವರು.

"ನಾಳೆ ಯಾಕೆ?"

"ಇವತ್ತೇ ಹಾಕಿಸ್ತೀನಿ."

"ಮತ್ತೆ?"

"ತೊಟ್ಟಿಗೆ ಮುಚ್ಚಳ."

"ಮತ್ತೆ?"

"ಬಚ್ಚಲ ಚಿಲಕಾನೂ ಬದಲಾಯಿಸ್ಬೇಕಿತ್ತು, ಮರೆತಿದ್ದೆ."

ನಾನು ಒಳಗಿನಿಂದ ನಿಟ್ಟುಸಿರು ಬಿಟ್ಟೆ. ಎಷ್ಟು ವರ್ಷ ಈ ಮನುಷ್ಯನ ಹಿಂದೆ ಅಲೆದಿದ್ದೆ ಇದಕ್ಕೆ. ನನ್ನ ಜೀವಮಾನದ ಅತ್ಯಂತ ಯಶಸ್ವಿ ಧರಣಿ ನಡೆಯುತ್ತಿತ್ತು, ನಾನು ಎಣ್ಣೆಯಲ್ಲಿ ಅದ್ದಿಕೊಂಡು ಬಚ್ಚಲಲ್ಲಿ ನಿಂತಿದ್ದೆ.

ಆಗ ನನ್ನ ಹೆಂಡತಿ, ಬಕೆಟಿನ ಚಿಂತೆಗೆ ಕೆಲಸ ಅರ್ಧಕ್ಕೇ ಬಿಟ್ಟು ಬಂದಳು. ಹೆಜ್ಜೆಯಲ್ಲೇ ಗೊತ್ತಾಯಿತು.

"ಏನಿದು, ಮದುವೆನೋ ಸಾವೋ? ಒಲೆ ಮೇಲೆ ನೀರು ಕುದಿದು ಇಂಗ್ತಿದೆ. ನಿಮ್ಮ ನಾಯಕರೆಲ್ಲಿ?"

"ಒಳಗೆ ಅಕ್ಕ," ಎಂದ ಬಾಮೈದ. "ಭಾವ ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದಾರೆ. ಕೈ ಬರ್ತಿಲ್ವಂತೆ."

ಬಾಗಿಲ ಹತ್ತಿರ ಅವಳ ದನಿ. "ಎಣ್ಣೆ ಹಚ್ಕೊಂಡ್ಯಾ?"

ಏಕವಚನ. ಕಣ್ಣಲ್ಲಿ ನೀರು ಬಂತು. "ಹೂಂ."

"ಎಷ್ಟು?"

"ಪೂರ್ತಿ."

"ಒಳಗೆ ಸೋಪಿದೆ. ಕೈ ತೊಳಿ."

"ನಲ್ಲಿ ತಿರುಗ್ತಿಲ್ಲ."

"ಮೈಮೇಲೆ ಅಂಗಿ ಇದೆಯಾ? ಅದರಲ್ಲಿ ಒರೆಸ್ಕೋ. ಚಿಲಕಾನೂ ಒರೆಸು."

ಇದು ನನಗೆ ಹೊಳೆದೇ ಇರಲಿಲ್ಲ. ದೊಡ್ಡ ದೊಡ್ಡ ಸಮಸ್ಯೆಗಳಿಗೆ ತಲೆ ಕೊಟ್ಟವನಿಗೆ ಅಂಗಿ ಹೊಳೆಯುವುದಿಲ್ಲ. ಒರೆಸಿದೆ. ಚಿಲಕ ಒಣಗಿತು, ಕೈ ಮಾತ್ರ ತಿರುಗಲಿಲ್ಲ.

"ಆಗ್ತಿಲ್ಲ ಕಣೇ."

"ಗೊತ್ತು. ಬಚ್ಚಲ ಕಟ್ಟೆ ಮೇಲೆ ಕೂತ್ಕೋ. ಬಲಗೈ ತೊಡೆ ಮೇಲೆ ಇಡು, ಸತ್ತವರ ಕೈ ಥರ. ಮುಷ್ಟಿ ಬಿಡು."

"ಬಿಟ್ಟಿದೀನಿ."

"ಸುಳ್ಳು. ಬಿಡು."

ನೋಡಿಕೊಂಡೆ. ಮುಷ್ಟಿ ಕಟ್ಟೇ ಇತ್ತು. ಬಾಗಿಲ ಆಚೆಯಿಂದ ಅವಳಿಗೆ ಅದು ಹೇಗೆ ಕಂಡಿತೋ.

"ಈಗ ಎಡಗೈ ಹೆಬ್ಬೆರಳು ಬೇಡ, ಅದು ಸೆಟೆದಿರುತ್ತೆ. ಅಂಗೈ ಬುಡದಿಂದ ಒತ್ತು. ಮಣಿಕಟ್ಟಿನಿಂದ ಶುರು ಮಾಡು, ಮೊಣಕೈ ಕಡೆಗೆ ಹೋಗು. ನೀನು ವಾರ ಪೂರ್ತಿ ಉಲ್ಟಾ ಎಳೆದಿದೀಯ. ಕಪ್ಪಾಗಿರೋ ಜಾಗ ಮುಟ್ಟಬೇಡ. ಮೆಲ್ಲಗೆ. ಬೆಕ್ಕಿನ ಮೈ ಸವರ್ದಂಗೆ."

"ಹೂಂ."

"ಮೊಣಕೈ ಹತ್ರ, ಹೊರಗಡೆ, ಒಂದು ಗಂಟು ಸಿಗುತ್ತೆ."

"ಸಿಕ್ತು. ಅಮ್ಮಾ."

"ಅದೇ. ಅದನ್ನ ಗುದ್ದಬೇಡ. ಸುಮ್ಮನೆ ಒತ್ತಿ ಹಿಡ್ಕೊಂಡು ಕಾಯಿ."

"ಎಷ್ಟು ಹೊತ್ತು?"

"ಅದು ಬಿಡೋವರೆಗೆ."

"ಬಿಡ್ಲಿಲ್ಲ ಅಂದ್ರೆ?"

"ಮಾಲೀಕರ ಬಾಗಿಲಲ್ಲಿ ಏನ್ಮಾಡ್ತಿದ್ದೆ? ಕಲ್ಲು ಹೊಡೀತಿದ್ಯಾ?"

"ಇಲ್ಲ. ಕೂತಿರ್ತಿದ್ದೆ."

"ಹಾಗೇ ಕೂತಿರು."

ಕೂತೆ. ಉಸಿರು ನಿಧಾನವಾಯಿತು. ಎಷ್ಟೋ ಮೆರವಣಿಗೆಗಳ ಗಂಟು ಅದು, ಮೊದಮೊದಲು ಬೆಣಚುಕಲ್ಲಿನಂತೆ ನಿಂತಿತ್ತು. ಆಮೇಲೆ ಒಳಗೆಲ್ಲೋ ಬಿಸಿ ಹರಿದಂತಾಗಿ, ಅಂಟು ಬಿಟ್ಟ ಲಕೋಟೆಯ ಹಾಗೆ ಮೆಲ್ಲಗೆ ಸಡಿಲಿತು. ಅಂಗೈ ತನ್ನಷ್ಟಕ್ಕೆ ತಾನೇ ಮೇಲ್ಮುಖವಾಗಿ ಹೊರಳಿತು. ಬಹಳ ದಿನಗಳ ಮೇಲೆ ನನ್ನ ಅಂಗೈಯನ್ನು ನಾನೇ ನೋಡಿದೆ. ಅವಳ ಎದುರಿಗೆ ಕೂತು ಡ್ರೈವರುಗಳು ಯಾಕೆ ಮಾತಿಲ್ಲದೆ ಕಣ್ಣು ಮುಚ್ಚುತ್ತಾರೆ ಎಂದು ಆಗ ಗೊತ್ತಾಯಿತು. ಅವಳು ನನ್ನನ್ನು ಮುಟ್ಟಿರಲೂ ಇಲ್ಲ. ಮುಚ್ಚಿದ ಬಾಗಿಲಿನಾಚೆಯಿಂದ ಒಂದು ಕೈಯನ್ನು ರಿಪೇರಿ ಮಾಡುವವಳು ಅವಳು. ನಾನು ಅಷ್ಟು ವರ್ಷ ಮೈಕಿನಲ್ಲಿ ಮಾತಾಡಿ ಒಬ್ಬ ಮಾಲೀಕನ ಮನಸ್ಸನ್ನೂ ಅಷ್ಟು ಚೆನ್ನಾಗಿ ತಿರುಗಿಸಿಲ್ಲ.

ಚಿಲಕ ಹಿಡಿದೆ. ತಿರುಗಿತು. ಬಾಗಿಲು ತೆರೆಯಿತು.

ಹೊರಗೆ ನಾನು ಕಂಡ ದೃಶ್ಯವನ್ನು ಯಾವ ಪತ್ರಿಕೆಯವನಾದರೂ ಫೋಟೋ ತೆಗೆಯಬೇಕಿತ್ತು. ಸಮಿತಿಯವರೆಲ್ಲ ಗೋಡೆಗೆ ಒರಗಿ, ತೊಡೆಯ ಮೇಲೆ ಕೈ ಇಟ್ಟುಕೊಂಡು, ಅವಳು ಹೇಳಿದಂತೆ ತಂತಮ್ಮ ಮುಂಗೈಯನ್ನು ಒತ್ತುತ್ತಾ ಕೂತಿದ್ದರು. ಮೆಗಾಫೋನಿನ ಬಾಯಿ ಮೊದಲ ಸಲ ಮುಚ್ಚಿತ್ತು. ಮನೆ ಮಾಲೀಕರೂ ನಡುವೆ ಕೂತು ಗಂಟು ಹುಡುಕುತ್ತಿದ್ದರು.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗೆದ್ದ ಕೈಗೆ ಸೊಕ್ಕು. "ಬಕೆಟ್ ತನ್ನಿ," ಎಂದೆ.

"ಬೇಡ," ಎಂದಳು ಹೆಂಡತಿ. "ಈಗಷ್ಟೇ ಸಡಿಲ ಆಗಿದೆ. ಸಡಿಲ ಬೇರೆ, ಬಲ ಬೇರೆ. ಬಲ ಬರೋಕೆ ತಿಂಗಳು ಹಿಡಿಯುತ್ತೆ. ದಿನಾ ನೀವಬೇಕು, ಆಮೇಲೆ ಒದ್ದೆ ಬಟ್ಟೆ ಹಿಂಡಬೇಕು, ಮೆಲ್ಲಗೆ ಭಾರ ಎತ್ತಬೇಕು."

"ಒಂದು ಲೋಟ ಚಹಾದ ಹೊತ್ತು ತಾನೇ?"

ಅಷ್ಟರಲ್ಲಿ ಯಾರೋ ಚಹಾ ಮಾಡಿಟ್ಟಿದ್ದರು; ಕಾರ್ಯದರ್ಶಿ ಅಕ್ಕ ಲೋಟ ಎತ್ತಿ ಊದಿದರು. ನಾನು ಕೈ ಚಾಚಿದೆ. ಅವರು ಮೊದಲ ಗುಟುಕು ಕುಡಿಯುವ ಮೊದಲೇ ನನ್ನ ಬೆರಳುಗಳು, ಯಾವ ಮುನ್ಸೂಚನೆಯೂ ಇಲ್ಲದೆ, ಬಕೆಟಿಗೆ ವಿದಾಯ ಹೇಳಿದವು. ಅರ್ಧ ಗೋಂದು ನೆಲಕ್ಕೆ, ಅದರಲ್ಲೇ ಸ್ವಲ್ಪ ಮಾಲೀಕರ ಕಾಲಿಗೆ. ಉಳಿದರ್ಧ ನೆಲ ಮುಟ್ಟುವ ಮೊದಲೇ ಹೆಂಡತಿ ಬಕೆಟಿನ ಹಿಡಿಯನ್ನು ಗಾಳಿಯಲ್ಲೇ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಇನ್ನೊಂದು ಗೋಂದಿನ ಡಬ್ಬ ಕಾಲಿಗೆ ಸಿಕ್ಕಿ ಉರುಳುವಂತಿತ್ತು. ಅದನ್ನೂ ಎತ್ತಿ ಬಕೆಟಿಗೆ ಸುರಿದಳು. ಬಕೆಟು ಮತ್ತೆ ತುಂಬಿತು. ಸೀರೆಗೆ ತಾಗದಂತೆ ಅದನ್ನು ಚಾಚಿದ ಕೈಯಲ್ಲಿ ದೂರ ಹಿಡಿದು, ನಮ್ಮೆಲ್ಲರನ್ನೂ ಬೈಯುವುದಕ್ಕೆ ಶುರು ಮಾಡಿದಳು.

"ನಿಮಗೆಲ್ಲ ಕೋಲು ಅಂದ್ರೆ ಪದಕ ಆಗೋಗಿದೆ. ನಾಳೆ ಆ ಹುಡುಗೀರು ಕೂರೋಕೆ ಸ್ಟೂಲ್ ಕೇಳ್ಕೊಂಡು ಬೀದಿಗೆ ಬರ್ತಾರೆ. ಅವರ ಕಾಲು ನೋಡಿದೀರಾ? ನಾನು ನೋಡಿದೀನಿ. ಸಂಜೆ ನಮ್ಮಲ್ಲಿಗೆ ಬರ್ತಾರೆ, ಚಪ್ಪಲಿ ಡಬ್ಬ ಎತ್ತಿ ಎತ್ತಿ ಕೈನೂ ಹೋಗಿರುತ್ತೆ. ನೀವು ಇಲ್ಲಿ ಬಲಗಡೆ ಯಾರು, ಎಡಗಡೆ ಯಾರು ಅಂತ ಬಚ್ಚಲ ಮುಂದೆ ಪಂಚಾಯ್ತಿ ಮಾಡ್ತೀರ."

"ಅಕ್ಕ, ಬಕೆಟ್ ಕೊಡು, ಈಗ ನನ್ನ ಸರದಿ," ಎಂದ ಮೆಗಾಫೋನು. ಹಿಡಿಗೆ ಕೈ ಹಾಕಿ ಎಳೆದ. ಬಕೆಟು ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಎಳೆದ.

"ಇರೋ, ಮಾತಾಡ್ತಿದೀನಿ."

ಅವನು ಕೈ ಬಿಟ್ಟ. ಬೈಗುಳ ಯಾರಿಗೂ ಕೇಳಿಸುತ್ತಿರಲಿಲ್ಲ. ಎಲ್ಲರೂ ಅವಳ ಮುಂಗೈಯನ್ನು ನೋಡುತ್ತಿದ್ದರು. ಹಗ್ಗ ಹುರಿ ಹಾಕಿದಂಥ ಮುಂಗೈ. ನಡುಕವಿಲ್ಲ, ಆಯಾಸವಿಲ್ಲ, ಬಕೆಟು ಅಲ್ಲಿದೆ ಎಂಬ ನೆನಪೂ ಇದ್ದಂತಿಲ್ಲ. ಕಾರ್ಯದರ್ಶಿ ಅಕ್ಕ ಚಹಾ ಮುಗಿಸಿದರು. ಇನ್ನೊಂದು ಲೋಟ ಬಗ್ಗಿಸಿಕೊಂಡರು. ಊದಿದರು, ಕುಡಿದರು, ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

"ಬಲಗೋಲು ತೀರ್ಮಾನ ಆಯ್ತು," ಎಂದರು. "ಯಾರದ್ದಾದ್ರೂ ವಿರೋಧ ಇದೆಯಾ?"

ನಾನು ಕೈ ಎತ್ತಬೇಕೆಂದುಕೊಂಡೆ. ಕೈ ಮೇಲೇಳಲಿಲ್ಲ.

ಹೆಂಡತಿ ಬಕೆಟು ಕೆಳಗಿಟ್ಟಳು. "ನಾನು ಕೆಲಸ ಬಿಟ್ಟು ಬರ್ಬೇಕು. ಬರ್ತೀನಿ, ಒಂದು ಷರತ್ತು. ಕೋಲು ಹಿಡಿದ ಕೈಗೆ ಕೂಲಿ ಬೇಕು. ದಿನಾ ಸಂಜೆ ಈ ನಾಯಕರು ನನ್ನ ಎರಡೂ ಕೈ ನೀವಿ ಕೊಡ್ಬೇಕು. ಹೇಗೆ ಅಂತ ನಾನೇ ಕಲಿಸ್ತೀನಿ."

"ಒಪ್ಪಿಗೆ," ಎಂದೆ ನಾನು, ಎಲ್ಲರೆದುರಿಗೆ.

ಮರುದಿನ ಗಾಳಿ ಹುಚ್ಚೆದ್ದಿತ್ತು. ಎಡಗೋಲು, ಮೆಗಾಫೋನಿನ ಸಮೇತ, ಬೀದಿಯ ಉದ್ದಕ್ಕೂ ಕುಡುಕನಂತೆ ತೂಗಾಡಿತು. ಬಲಗೋಲು ನೆಲಕ್ಕೆ ನೆಟ್ಟ ಕಂಬದಂತೆ ನೆಟ್ಟಗೆ ಹೋಯಿತು. ಅಂಗಡಿಗಳ ಹುಡುಗಿಯರು ಅವಳ ಕೈ ನೋಡಿಕೊಂಡೇ ಹೆಜ್ಜೆ ಹಾಕಿದರು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಅದರ ಮೂಲೆಯಲ್ಲಿ ಒಂದು ಸ್ಟೂಲು ಕಾಣುತ್ತದೆ. ಅದನ್ನು ತಲೆಯ ಮೇಲೆ ಹೊತ್ತವನು ನಾನು, ಮುಖ ಬಂದಿಲ್ಲ.

ಎರಡು ಅಂಗಡಿಯವರು ಸ್ಟೂಲು ಇಟ್ಟರು. ಮಿಕ್ಕವರ ಬಾಗಿಲಿಗೆ ಮತ್ತೆ ಹೋಗಬೇಕು. ಮನೆ ಮಾಲೀಕರು ಮೆಟ್ಟಿಲಿಗೆ ದೀಪ ಹಾಕಿಸಿದರು. ಮಾತು ಉಳಿಸಿಕೊಳ್ಳದವನು ಒಬ್ಬನೇ. ಮೊದಲ ಸಂಜೆ ಅಭಿನಂದನಾ ಸಭೆ ಇತ್ತು, ಅವಳಿಗೇ ಅಭಿನಂದನೆ, ಭಾಷಣ ಮಾತ್ರ ನನ್ನದು. ಮರುಸಂಜೆ ಕರಪತ್ರದ ಕೆಲಸ. ಆಮೇಲೆ ನಿದ್ದೆ. ಆಮೇಲೆ ನಾಳೆ.

ನಿನ್ನೆ ಸಂಜೆ ಅವಳು ಕೆಲಸದಿಂದ ಬಂದು, ಕರಪತ್ರ ಬರೆಯುತ್ತಿದ್ದ ನನ್ನ ಎದುರಿಗೆ ಕುರ್ಚಿ ಎಳೆದು ಕೂತಳು. ಎರಡೂ ಮುಂಗೈಗಳನ್ನು ಮೇಜಿನ ಮೇಲೆ ಚಾಚಿ ಇಟ್ಟಳು. ಮಾತಿಲ್ಲ, ಬೈಗುಳವಿಲ್ಲ. ಸುಮ್ಮನೆ ಕೂತಳು. ಆ ಕೂರುವುದನ್ನು ನಾನು ಚೆನ್ನಾಗಿ ಬಲ್ಲೆ. ಅವಳಿಗೆ ಅದನ್ನು ಕಲಿಸಿದವನು ನಾನು.

"ಏನಾಯ್ತು?" ಎಂದೆ.

"ಏನಿಲ್ಲ. ನಿಮ್ಮ ಪಾಡಿಗೆ ನೀವು ಬರೀರಿ."

ನೀವು.

ಪೆನ್ನು ಕೆಳಗಿಟ್ಟೆ. ಅವಳ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ತೆಗೆದುಕೊಂಡೆ. ಬಕೆಟನ್ನು ಅಲ್ಲಾಡದೆ ಹಿಡಿದ, ಕೋಲನ್ನು ನೆಟ್ಟಗೆ ನಿಲ್ಲಿಸಿದ, ಊರಿನ ಅಷ್ಟೂ ಕೈಗಳ ಗಂಟು ಬಿಡಿಸಿದ ಆ ಮುಂಗೈಯಲ್ಲಿ, ಮೊಣಕೈ ಹತ್ತಿರ, ಹೊರಗಡೆ, ನನ್ನದಕ್ಕಿಂತ ದೊಡ್ಡದಾದ ಒಂದು ಗಂಟಿತ್ತು. ಅದನ್ನು ಈವರೆಗೆ ಯಾರೂ ಹುಡುಕಿರಲಿಲ್ಲ.

ಅದು ಇನ್ನೂ ಬಿಟ್ಟಿಲ್ಲ. ಇವತ್ತೂ ನಾನು ಕೂತಿದ್ದೇನೆ.

ಈಗ ನಿಮ್ಮ ಕೆಲಸ. ನಿಮ್ಮ ಬಟ್ಟೆ ಹಿಂಡಿದ, ಪಾತ್ರೆ ಬೆಳಗಿದ, ಭಾರ ಎತ್ತಿದ ಕೈಯೊಂದು ನಿಮ್ಮ ಮನೆಯಲ್ಲೂ ಇದೆ. ಪಕ್ಕದ ಕೋಣೆಯಲ್ಲೇ ಇರಬಹುದು. ಇದನ್ನು ಮಡಚಿಡಿ. ಎದ್ದು ಹೋಗಿ ಆ ಕೈ ಹಿಡಿಯಿರಿ. ಮಣಿಕಟ್ಟಿನಿಂದ ಮೊಣಕೈ ಕಡೆಗೆ, ಮೆಲ್ಲಗೆ. ಗಂಟು ಸಿಕ್ಕರೆ ಗುದ್ದಬೇಡಿ, ಕಾಯಿರಿ. ನಾಳೆ ಅನ್ನಬೇಡಿ. ಎಣ್ಣೆ ಕಡಿಮೆ ಹಚ್ಚಿ. ಚಿಲಕ ಹಾಕಬೇಡಿ.